ನೂರಕ್ಕೆ ಒಂದು ಅಂಕ ಕಡಿಮೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಎರಡು ಕೋಣೆಯ ಬಾಡಿಗೆ ಮನೆ. ಒಳಕೋಣೆಯ ಕಿಟಕಿಗೆ ಒತ್ತಿ ಒಂದು ಮೇಜು, ಅದರ ಮೇಲೆ ಕಪ್ಪು ಬಣ್ಣದ ಹಳೇ ಟೆಲಿಫೋನ್. ಎಳೆದೆಳೆದು ಅದರ ವೈರಿನ ಸುರುಳಿಯೇ ಬಿಚ್ಚಿಹೋಗಿದೆ. ಮೇಜಿನ ಮುಂದೆ ಕುಳಿತ ಹೆಂಗಸು ರಿಸೀವರನ್ನು ಬಟ್ಟೆಯ ಚೂರಿನಿಂದ ಒರೆಸುತ್ತಾರೆ, ಕಿವಿಗಿಟ್ಟು ಗುಂಯ್ ಎನ್ನುವ ಸದ್ದು ಇದೆಯೇ ಎಂದು ನೋಡುತ್ತಾರೆ, ಮತ್ತೆ ಜೋಪಾನವಾಗಿ ಇಡುತ್ತಾರೆ. ಅಂಗಡಿ ಬಾಗಿಲು ತೆರೆದಾಯಿತು. ಗಿರಾಕಿ ಬರುವುದು ಬಿಡುವುದು ಅವರವರ ಇಷ್ಟ.

ಫೋನ್ ಬಡಿದುಕೊಳ್ಳುತ್ತದೆ. ಹಲೋ ಗಿಲೋ ಏನಿಲ್ಲ.

"ಎಲ್ಲಿದ್ದೀರಿ?" ಎನ್ನುತ್ತಾರೆ ಈಕೆ.

"ಇನ್ನೂ ದೀಪಸ್ತಂಭದಲ್ಲೇ," ಎನ್ನುತ್ತದೆ ಆ ಕಡೆಯ ಗಂಡು ದನಿ. ಹಳೇ ಫೋನಾದ್ದರಿಂದ, ಈಕೆಯ ಬಗ್ಗೆ ಬರೆಯಲೆಂದು ಬಂದು ಪಕ್ಕದಲ್ಲಿ ಕೂತ ನನಗೂ ಕೇಳುತ್ತದೆ. "ಈ ವಾರ ಎಣ್ಣೆ ಡಬ್ಬ ತಲೆಕೆಳಗು ಮಾಡಿ ನೋಡಿದೆ. ಏನೂ ಬೀಳ್ಲಿಲ್ಲ."

"ಹೌದಾ."

"ಉಗ್ರಾಣದ ಹಿಂದೆ ಇನ್ನೊಂದ್ಸಲ ನೋಡ್ಲಾ?"

ಈಕೆಯ ಕೈ ಮತ್ತೆ ಬಟ್ಟೆಯ ಚೂರಿನ ಕಡೆ ಹೋಗುತ್ತದೆ. "ನೋಡಬೇಕು ಅನ್ಸಿದ್ರೆ ನೋಡಿ."

"ಸರಿ. ಮುಂದಿನ ಶನಿವಾರ ಹೇಳ್ತೀನಿ."

ಗೊತ್ತಿಲ್ಲದವರು ಕೇಳಿದರೆ ಇದೇನು ಕಳ್ಳರ ಮಾತುಕತೆಯೋ ಎಂಬ ಅನುಮಾನ. ಆದರೆ ಹಡಗಿಗೆ ದಾರಿ ತೋರುವ ಆ ದೀಪಸ್ತಂಭ, ಆ ಉಗ್ರಾಣ ಎರಡೂ ಇರುವುದು ಒಂದು ಹಳೇ ಕಂಪ್ಯೂಟರ್ ಆಟದೊಳಗೆ. ಆಟದಲ್ಲಿ ದಾರಿ ಕಾಣದೆ ಸಿಕ್ಕಿಹಾಕಿಕೊಂಡವರಿಗೆ ಸುಳಿವು ಕೊಡುವುದು ಈಕೆಯ ಕೆಲಸ. ಆಡುವವರೆಲ್ಲ ಕರೆಯುವುದು ಸುಳಿವಕ್ಕ ಎಂದು. ನಾನೂ ಹಾಗೇ ಕರೆಯುತ್ತೇನೆ.

ಈಗಿನವರಿಗೆ ಹೇಳಿದರೆ ನಗುತ್ತಾರೆ, ಆ ಆಟಗಳಲ್ಲಿ ಒಂದು ಚಿತ್ರವೂ ಇರಲಿಲ್ಲ. ಕಪ್ಪು ಪರದೆ, ಹಸಿರು ಅಕ್ಷರ, ಅಷ್ಟೇ. 'ನೀನು ಒಂದು ಬಾಗಿಲ ಮುಂದೆ ನಿಂತಿದ್ದೀಯ. ಬೀಗ ಹಾಕಿದೆ' ಎಂದು ಕಂಪ್ಯೂಟರ್ ಬರೆಯುತ್ತಿತ್ತು. ಆಡುವವರು 'ಬೀಗ ಒಡೆ' ಎಂದೋ 'ಉತ್ತರಕ್ಕೆ ಹೋಗು' ಎಂದೋ ಟೈಪ್ ಮಾಡಬೇಕು. ಮಾತು ಅದಕ್ಕೆ ಅರ್ಥವಾದರೆ ಕಥೆ ಮುಂದೆ ಸಾಗುತ್ತದೆ, ಇಲ್ಲದಿದ್ದರೆ 'ನನಗೆ ತಿಳಿಯಲಿಲ್ಲ' ಎಂಬ ಒಣ ಉತ್ತರ. ಎಡಗೈ ಪಕ್ಕದಲ್ಲಿ ಕಾಗದ ಇಟ್ಟುಕೊಂಡು, ಕೋಣೆಗೊಂದು ಚೌಕ ಬರೆದು, ಗೆರೆ ಎಳೆದು, ನಕ್ಷೆಯನ್ನು ತಾವೇ ಮಾಡಿಕೊಳ್ಳಬೇಕಿತ್ತು.

ಈ ಬಗೆಯ ಆಟಕ್ಕೆ ದಾರಿ ಹಾಕಿಕೊಟ್ಟವನು ಅರ್ಧ ಶತಮಾನದ ಹಿಂದಿನ ಒಬ್ಬ ಪ್ರೋಗ್ರಾಮರ್. ಗವಿಗಳನ್ನು ಹೊಕ್ಕು ಅಲೆಯುವ ಗೀಳು ಅವನಿಗೆ. ಸಂಸಾರ ಮುರಿದು ಹೆಣ್ಣುಮಕ್ಕಳು ದೂರವಾಗಿದ್ದರು. ಬಂದಾಗ ಆಡಲಿ ಎಂದು ತಾನು ಕಂಡ ಗವಿಯನ್ನು ಬರೀ ಮಾತಿನಲ್ಲಿ ಕಟ್ಟಿಕೊಟ್ಟ. ಅದು ಕೈಯಿಂದ ಕೈಗೆ ಹೋಗಿ ವಿಶ್ವವಿದ್ಯಾಲಯಗಳನ್ನು ಹೊಕ್ಕಿತು, ಓದುವವರು ಓದು ಬಿಟ್ಟರು, ದುಡಿಯುವವರು ದುಡಿಮೆ ಬಿಟ್ಟರು, ಅಂಥ ಆಟ ಮಾಡಿ ಮಾರುವ ಕಂಪನಿಗಳು ಹುಟ್ಟಿಕೊಂಡವು. ಒಂಟಿಯಾದವನೊಬ್ಬ ಶುರು ಮಾಡಿದ ಆಟ, ಆಡುವವರೂ ಹೆಚ್ಚಾಗಿ ಒಂಟಿಯಾಗಿಯೇ ಕೂತು ಆಡುತ್ತಿದ್ದರು. ತಲೆ ಕೆರೆದುಕೊಂಡು ಸಾಕಾದಾಗ ಕೇಳುವುದಕ್ಕೆ ಒಂದು ಫೋನ್ ನಂಬರ್ ಬೇಕಾಗುತ್ತಿತ್ತು.

ಸುಳಿವಕ್ಕ ಸೇರಿದ ಕಂಪನಿ ಇದ್ದದ್ದು ಸೈಕಲ್ ರಿಪೇರಿ ಅಂಗಡಿಯ ಮಹಡಿಯ ಮೇಲೆ, ಒಂದೇ ಕೋಣೆಯಲ್ಲಿ. ಕಥೆ ಬರೆಯುವ ಯಜಮಾನರು, ಪ್ರೋಗ್ರಾಂ ಬರೆಯುವ ಅವರ ಸೋದರಳಿಯ, ಟೈಪಿಸ್ಟ್ ಆಗಿ ಬಂದ ಈಕೆ. ಕೆಳಗೆ ಟ್ಯೂಬಿಗೆ ಗಾಳಿ ಹಾಕುವ ಸದ್ದು, ಮೇಲೆ ಕೀಲಿಮಣೆಯ ಸದ್ದು. ಟೈಪಿಂಗ್ ಮುಗಿದ ಮೇಲೆ ಸುಮ್ಮನೆ ಕೂರಬಾರದೆಂದು ಆಟವನ್ನು ಪರೀಕ್ಷೆ ಮಾಡುವ ಕೆಲಸವೂ ಈಕೆಗೇ ಬಂತು.

"ಆಡೋರು ಏನು ಬೇಕಾದ್ರೂ ಟೈಪ್ ಮಾಡ್ತಾರೆ ಅಂತ ನಾನೂ ಎಲ್ಲಾ ಮಾಡಿ ನೋಡ್ತಿದ್ದೆ," ಎನ್ನುತ್ತಾರೆ. "ಗೋಡೆಗೆ ಒದಿ, ದೀಪಕ್ಕೆ ಮುತ್ತು ಕೊಡು, ಹಾಡು ಹೇಳು. 'ಕೂತುಕೋ' ಅಂದ್ರೆ ಮಾತ್ರ ಯಾವ ಕೋಣೇಲಿ ಅಂದ್ರೂ ಒಂದೇ ಬೈಗುಳ: 'ಕೂರಲು ಇದು ಹೊತ್ತಲ್ಲ, ದೀಪ ಆರುತ್ತಿದೆ.' ನಮ್ಮ ಯಜಮಾನ್ರೂ ಹಾಗೇ ಅನ್ನೋರು ಬಿಡಿ."

ಆಮೇಲೆ ಫೋನ್ ಬಂತು. ನಂಬರನ್ನು ಆಟದ ಪೆಟ್ಟಿಗೆಯ ಮೇಲೇ ಅಚ್ಚು ಹಾಕಿಸಿದ್ದರು. ಯಜಮಾನರ ಕಟ್ಟಪ್ಪಣೆ ಹೀಗಿತ್ತು: ಮೊದಲ ಸಲ ಕೇಳಿದವರಿಗೆ ತಿರುಗಿ ಒಂದು ಪ್ರಶ್ನೆ, ಎರಡನೇ ಸಲ ಒಂದು ಸನ್ನೆ, ಮೂರನೇ ಸಲ ಕೇಳಿದರೆ ಮಾತ್ರ ಉತ್ತರ. ಸುಳ್ಳು ಮಾತ್ರ ಯಾವತ್ತೂ ಹೇಳಕೂಡದು. ಅಡ್ಡಗೋಡೆಯ ಮೇಲೆ ದೀಪ ಇಡುವುದಕ್ಕೆ ಸಂಬಳ ಕೊಟ್ಟ ಕಂಪನಿ ಇದೊಂದೇ ಇರಬೇಕು.

ಆ ಅಭ್ಯಾಸ ಮನೆಗೂ ಬಂತು ಎಂಬುದು ಮಗಳ ದೂರು. ಮದುವೆಯಾಗಿ ಅದೇ ಊರಿನ ಇನ್ನೊಂದು ಮೂಲೆಯಲ್ಲಿರುವ ಆಕೆ ಭಾನುವಾರ ಬಂದು ಹೋಗುತ್ತಾರೆ. "ಚಿಕ್ಕವಳಿದ್ದಾಗ ಅಮ್ಮಾ ನನ್ನ ಪೆನ್ಸಿಲ್ ಎಲ್ಲಿ ಅಂದ್ರೆ, 'ಕೊನೇ ಸಲ ಏನು ಬರೀತಿದ್ದೆ?' ಅನ್ನೋಳು. ಮೂರು ಸಲ ಕೇಳೋಷ್ಟರಲ್ಲಿ ಸ್ಕೂಲ್ ಗಂಟೆ ಹೊಡೆದಿರೋದು!" ಎಂದು ನಗುತ್ತಾರೆ. ಅಮ್ಮನೂ ನಗುತ್ತಾರೆ, ಆದರೆ ಮಗಳು ಹೋದ ಮೇಲೆ ಮನೆ ಮತ್ತೆ ಮೊದಲಿನಂತಾಗುತ್ತದೆ.

ಯಜಮಾನರು ಎಂದರೆ ಕಂಪನಿಯವರು. ಮನೆಯವರು ಲಾರಿ ಡ್ರೈವರ್, ವಾರಗಟ್ಟಲೆ ರಸ್ತೆಯ ಮೇಲೆ. "ಬರ್ತೀನಿ ಅಂದ ದಿನ ಬರ್ತಿರ್ಲಿಲ್ಲ, ಬರಲ್ಲ ಅಂದ ದಿನ ಬಾಗಿಲು ತಟ್ಟೋರು. ಅದಕ್ಕೆ ಯಾವಾಗ್ಲೂ ಎರಡು ಲೋಟ ತೊಳೆದು ಇಟ್ಟಿರ್ತಿದ್ದೆ," ಎನ್ನುತ್ತಾರೆ ಸುಳಿವಕ್ಕ. ಅವರು ತೀರಿಕೊಂಡು ವರ್ಷಗಳಾದವು. ಕಂಪನಿ ಅದಕ್ಕೂ ಮೊದಲೇ ಮುಚ್ಚಿತ್ತು. ಬಣ್ಣಬಣ್ಣದ ಚಿತ್ರಗಳ ಆಟ ಬಂದ ಮೇಲೆ ಬರೀ ಅಕ್ಷರ ಯಾರಿಗೆ ಬೇಕು? ಯಜಮಾನರು ಬಾಗಿಲು ಹಾಕಿದ ದಿನ ಈಕೆ ಕೇಳಿದ್ದು ಒಂದೇ, ಆ ಫೋನ್ ಲೈನನ್ನು ತನ್ನ ಮನೆಗೆ ವರ್ಗ ಮಾಡಿಸಿಕೊಡಿ ಎಂದು.

"ನಂಬರ್ ಪೆಟ್ಟಿಗೆ ಮೇಲೆ ಅಚ್ಚಾಗಿದೆಯಲ್ರೀ. ಯಾರೋ ಫೋನ್ ಮಾಡ್ತಾರೆ, ಇನ್ಯಾರೋ ಎತ್ತಬೇಕಲ್ವಾ?"

ಹಗಲಿಡೀ ಇಸ್ತ್ರಿ ಅಂಗಡಿಯಲ್ಲಿ ನಿಂತು ಬಟ್ಟೆ ಮಡಚುವ ಕೆಲಸ. ಸುಳಿವು ಕೊಡುವುದು ಅದಕ್ಕೆ ಮುಂಚೆ, ಬೆಳಗಿನ ಜಾವ. ಒಂದು ಕಾಲಕ್ಕೆ ಎರಡು ಕರೆಗಳ ನಡುವೆ ನೀರು ಕುಡಿಯಲು ಬಿಡುವಿರಲಿಲ್ಲವಂತೆ. ಈಗ ಅಕ್ಷರದ ಆಟಗಳನ್ನು ಹವ್ಯಾಸಕ್ಕೆ ಬರೆಯುವವರು, ಆಡುವವರು ಲೋಕದ ತುಂಬ ಮತ್ತೆ ಇದ್ದಾರೆ. ಆದರೆ ಅವರಿಗೆ ಬೇಕಾದ ಉತ್ತರವೆಲ್ಲ ಇಂಟರ್ನೆಟ್ಟಿನಲ್ಲೇ ಸಿಗುತ್ತದೆ. ಅಟ್ಟದ ಮೇಲೆ ಹಳೇ ಪೆಟ್ಟಿಗೆ ಸಿಕ್ಕಿ, ಈ ನಂಬರ್ ಇನ್ನೂ ಇದೆಯೋ ಇಲ್ಲವೋ ನೋಡೋಣ ಎಂದು ತಮಾಷೆಗೆ ಒತ್ತುವವರು ಅಪರೂಪಕ್ಕೆ ಬರುತ್ತಾರೆ. ಈಕೆ ಎತ್ತಿ "ಎಲ್ಲಿದ್ದೀರಿ?" ಎಂದ ಕೂಡಲೇ ಗಾಬರಿಯಾಗಿ ಇಟ್ಟುಬಿಡುವವರೂ ಉಂಟು. ತಪ್ಪದೆ ಮಾಡುವವರು ಶನಿವಾರದ ಆ ಒಬ್ಬರೇ.

ಸುಳಿವಕ್ಕ ಅವರಿಗೆ ಇಟ್ಟ ಹೆಸರು ಒಂದಂಕದವರು. ಎಲ್ಲೋ ಕೋಲ್ಡ್ ಸ್ಟೋರೇಜ್ ಗೋದಾಮಿನಲ್ಲಿ ರಾತ್ರಿ ಪಾಳಿ ಮುಗಿಸಿ, ಕೋಣೆಗೆ ಬಂದು, ಮಲಗುವ ಮುಂಚೆ ಫೋನ್ ಮಾಡುತ್ತಾರೆ. ಅದಕ್ಕಿಂತ ಹೆಚ್ಚು ಈಕೆಗೂ ಗೊತ್ತಿಲ್ಲ, ಕೇಳಿಯೂ ಇಲ್ಲ. ದೀಪಸ್ತಂಭದ ಆಟವನ್ನು ಅವರು ಮುಗಿಸಿ ಬಹಳ ಕಾಲವಾಯಿತು. ದೀಪ ಹೊತ್ತಿದೆ, ಹಡಗು ದಡ ಸೇರಿದೆ. ಆದರೆ ಕೊನೆಯಲ್ಲಿ ಆಟ ಹೇಳುತ್ತದೆ: 'ನೂರಕ್ಕೆ ತೊಂಬತ್ತೊಂಬತ್ತು ಅಂಕ.' ಆ ಉಳಿದ ಒಂದು ಅಂಕಕ್ಕಾಗಿ ಅವರು ವರ್ಷಗಳಿಂದ ಮೆಟ್ಟಿಲು ಹತ್ತಿ ಇಳಿಯುತ್ತಿದ್ದಾರೆ.

"ಎಲ್ಲಿದೆ ಅದು?" ಎಂದು ನಾನು ಕೇಳುತ್ತೇನೆ.

ಸುಳಿವಕ್ಕ ಫೋನಿನ ಕಡೆ ನೋಡುತ್ತಾರೆ, ಅದಕ್ಕೂ ಕಿವಿಯಿದೆ ಎಂಬಂತೆ. "ಇಲ್ಲ," ಎನ್ನುತ್ತಾರೆ. "ಎಲ್ಲೂ ಇಲ್ಲ."

ಆಗಿದ್ದು ಇಷ್ಟು. ಯಜಮಾನರ ಕಥೆಗಳನ್ನು ಟೈಪ್ ಮಾಡುತ್ತಿದ್ದ ಈಕೆ ಒಂದು ದಿನ ಅವರನ್ನು ಕೇಳಿದ್ದರು, ನಾನೂ ಒಂದು ಕೋಣೆ ಬರೆಯಲೇ ಎಂದು. ಅವರು ಹೂಂ ಎಂದರು. ಈಕೆ ಒಂದು ಚಿಕ್ಕ ಕೋಣೆ ಬರೆದು ಅದರಲ್ಲಿ ಒಂದು ಅಂಕ ಇಟ್ಟರು. ಡಿಸ್ಕಿಗೆ ತುಂಬುವ ದಿನ ನೋಡಿದರೆ ಜಾಗ ಸಾಲದು. ಅಂಥ ಕಾಲ ಅದು, ನಾಲ್ಕು ಸಾಲು ಹೆಚ್ಚಾದರೂ ಹಿಡಿಯುತ್ತಿರಲಿಲ್ಲ. ಸೋದರಳಿಯ ಈಕೆಯ ಕೋಣೆಯನ್ನು ತೆಗೆದು ಜಾಗ ಮಾಡಿದರು. ಒಟ್ಟು ಅಂಕ ನೂರು ಎಂದು ಮೊದಲೇ ಬರೆದಿದ್ದನ್ನು ತೊಂಬತ್ತೊಂಬತ್ತು ಮಾಡಲು ಮರೆತರು. ಗೊತ್ತಾಗುವ ಹೊತ್ತಿಗೆ ಪೆಟ್ಟಿಗೆಗಳು ಅಂಗಡಿ ಸೇರಿದ್ದವು. ಕಂಪನಿಯ ಬೇರೆ ಆಟಗಳಷ್ಟು ಮಾರಿದ ಆಟವೂ ಅದಲ್ಲ, ಹಾಗಾಗಿ ಬಿಚ್ಚಿ ನೋಡಿ ಹುಳುಕು ಹಿಡಿದವರೂ ಇಲ್ಲ.

"ಅವರಿಗೆ ಯಾಕೆ ಹೇಳಲಿಲ್ಲ?"

"ಮೊದಲ್ನೇ ಸಲಾನೇ ಹೇಳ್ಬಹುದಿತ್ತು. ಅವರು ಉತ್ತರ ಕೇಳ್ಲಿಲ್ಲ, ಅಲ್ಲಿ ನೋಡ್ಲಾ ಇಲ್ಲಿ ನೋಡ್ಲಾ ಅಂತಾರೆ, ಅಷ್ಟೇ. ನೋಡಿ ಅಂದೆ. ನೋಡಿ ಅನ್ನೋದು ಸುಳ್ಳಲ್ಲ ಅಂತ ನನಗೆ ನಾನೇ ಸಮಾಧಾನ ಮಾಡ್ಕೊಂಡೆ. ಆಮೇಲೆ ಶನಿವಾರ ಬಂತು ಅಂದ್ರೆ ಫೋನ್ ಬರುತ್ತೆ ಅನ್ನೋದು ಒಂದು ಆಸೆ ಆಗೋಯ್ತು." ಬಟ್ಟೆಯ ಚೂರನ್ನು ಮಡಚಿಟ್ಟು, "ಹೇಳಿದ್ರೆ ಮತ್ತೆ ಯಾಕೆ ಮಾಡ್ತಾರೆ?" ಎನ್ನುತ್ತಾರೆ.

ಈಗ ನುಂಗಲೂ ಆಗದ ಉಗುಳಲೂ ಆಗದ ಈ ಬಿಸಿತುಪ್ಪಕ್ಕೆ ಒಂದು ಗಡುವು ಬಿದ್ದಿದೆ. ಟೆಲಿಫೋನಿನವರು ಹಳೇ ತಂತಿಯ ಲೈನುಗಳನ್ನು ಬೀದಿಬೀದಿಯಾಗಿ ತೆಗೆಯುತ್ತಿದ್ದಾರೆ. ತಿಂಗಳ ಕೊನೆಗೆ ಈ ಬೀದಿಯ ಸರದಿ, ಲೈನಿನ ಜೊತೆ ನಂಬರೂ ಹೋಗುತ್ತದೆ. ನಿಮ್ಮ ಮೊಬೈಲ್ ನಂಬರ್ ಕೊಡಬಹುದಲ್ಲ ಎಂದೆ. "ಯಾವ ಮುಖ ಇಟ್ಕೊಂಡು ಕೊಡ್ಲಿ? ಇಲ್ಲದ್ದನ್ನ ಹುಡುಕ್ತಾನೇ ಇರಿ ಅಂತ ಕೊಡ್ಲಾ?" ಎಂದು ನನ್ನ ಮೇಲೇ ರೇಗಿದರು.

ತಿಂಗಳ ಕೊನೆಯ ಶನಿವಾರ ಮತ್ತೆ ಹೋಗುತ್ತೇನೆ. ಸುಳಿವಕ್ಕ ತಲೆ ಬಾಚಿಕೊಂಡು, ಇಸ್ತ್ರಿ ಮಾಡಿದ ಬಟ್ಟೆ ಉಟ್ಟು ಕೂತಿದ್ದಾರೆ. ರಿಸೀವರ್ ಒರೆಸಿದ್ದಾಗಿದೆ, ಇನ್ನೊಮ್ಮೆ ಒರೆಸುತ್ತಾರೆ. ಫೋನ್ ಬರುತ್ತದೆ.

"ಎಲ್ಲಿದ್ದೀರಿ?"

"ಉಗ್ರಾಣದಲ್ಲಿ. ಹಿಂದೆಲ್ಲ ನೋಡಿದೆ, ಏನೂ ಇಲ್ಲ."

"ಒಂದು ಮಾತು ಹೇಳ್ಬೇಕು ನಿಮಗೆ," ಎನ್ನುತ್ತಾರೆ ಸುಳಿವಕ್ಕ. ಮತ್ತೆ ಒಂದೇ ಉಸಿರಿಗೆ ಎಲ್ಲವನ್ನೂ ಹೇಳುತ್ತಾರೆ. ಕೋಣೆ ತೆಗೆದದ್ದು, ಅಂಕ ಉಳಿದದ್ದು, ಲೈನ್ ಹೋಗುವುದು. "ನನಗೆ ಮೊದಲಿಂದ್ಲೂ ಗೊತ್ತಿತ್ತು. ಹೇಳಿದ್ರೆ ನೀವು ಫೋನ್ ಮಾಡಲ್ಲ ಅಂತ ಬಾಯಿ ಬಿಡ್ಲಿಲ್ಲ. ತಪ್ಪಾಯ್ತು."

ಆ ಕಡೆಯವರು ಇಟ್ಟುಬಿಟ್ಟರೇ ಎಂದುಕೊಳ್ಳುತ್ತೇನೆ. ಇಲ್ಲ, ಅಲ್ಲಿಯ ರಸ್ತೆಯಲ್ಲಿ ಬಸ್ಸೊಂದು ಹೋಗುವ ಸದ್ದು ಕೇಳುತ್ತಿದೆ. ಸುಳಿವಕ್ಕನ ಬೆರಳು ಬಿಚ್ಚಿಹೋದ ವೈರನ್ನು ಸುತ್ತುತ್ತಿದೆ.

"ಆ ಕೋಣೆಗೆ ಎಲ್ಲಿಂದ ಹೋಗ್ಬೇಕಿತ್ತು?" ಎನ್ನುತ್ತದೆ ಕೊನೆಗೆ ದನಿ.

"ಉಗ್ರಾಣದಿಂದ ಪಶ್ಚಿಮಕ್ಕೆ."

"ಪಶ್ಚಿಮಕ್ಕೆ ಹೋಗ್ತೀನಿ."

ಸುಳಿವಕ್ಕನಿಗೆ ಮೊದಲು ತಿಳಿಯುವುದಿಲ್ಲ. ತಿಳಿದಾಗ ನೆಟ್ಟಗೆ ಕೂರುತ್ತಾರೆ, ಕಣ್ಣು ಮುಚ್ಚುತ್ತಾರೆ. ಈಕೆಯ ದನಿ ಆಟದ ಸಾಲನ್ನು ಓದುವ ದನಿಯಾಗುತ್ತದೆ.

"'ಇದು ಚಿಕ್ಕ ಕೋಣೆ. ಒಂದೇ ಕಿಟಕಿ. ಆಚೆ ಸಮುದ್ರವಿದೆ, ಕತ್ತಲಲ್ಲಿ ಸದ್ದು ಮಾತ್ರ ಕೇಳುತ್ತದೆ. ಒಂದು ಮೇಜು, ಎರಡು ಕುರ್ಚಿ. ಮೇಜಿನ ಮೇಲೆ ಎರಡು ಲೋಟ.'"

"ಲೋಟ ನೋಡ್ತೀನಿ."

"'ಎರಡನ್ನೂ ತೊಳೆದು ಇಟ್ಟಿದೆ. ಒಂದರಲ್ಲಿ ನೀರಿದೆ.'"

"ನೀರು ಕುಡೀತೀನಿ."

"'ನೀರು ತಣ್ಣಗಿದೆ.'"

"ಅಂಕ ಬಂತಾ?"

"ಇಲ್ಲ."

"ಕಿಟಕಿ ತೆಗೀತೀನಿ."

"'ಕಿಟಕಿ ತೆರೆದೇ ಇದೆ.'"

ಅವರು ಬಾಗಿಲು ನೋಡುತ್ತಾರೆ, ಗೋಡೆ ತಟ್ಟುತ್ತಾರೆ, ದೀಪ ಎತ್ತಿ ಹಿಡಿಯುತ್ತಾರೆ. ಒಂದೊಂದಕ್ಕೂ ಸುಳಿವಕ್ಕನ ಬಳಿ ಉತ್ತರವಿದೆ, ಅಷ್ಟು ವರ್ಷದ ಹಿಂದೆ ಬರೆದಿಟ್ಟದ್ದು, ಯಾರೂ ಕೇಳದೆ ಉಳಿದದ್ದು. ಕೊನೆಗೆ ಒಂದಂಕದವರು ಸೋತ ದನಿಯಲ್ಲಿ, "ಒಂದು ಸುಳಿವು ಕೊಡಿ," ಎನ್ನುತ್ತಾರೆ.

ಮೊದಲ ಸಲ ಕೇಳಿದವರಿಗೆ ತಿರುಗಿ ಒಂದು ಪ್ರಶ್ನೆ. ನಿಯಮ ನಿಯಮವೇ.

"ಎಷ್ಟು ಹೊತ್ತಿನಿಂದ ನಿಂತಿದ್ದೀರಿ?"

ಆ ಕಡೆ ಏನನ್ನೋ ನೆಲದ ಮೇಲೆ ಎಳೆದ ಸದ್ದು. ನಿಜವಾದ ಕುರ್ಚಿಯೇ ಇರಬೇಕು.

"ಕೂತ್ಕೋತೀನಿ."

"'ಕುಳಿತೆ. ಈ ಕುರ್ಚಿ ನಿನಗೆಂದೇ ಇಟ್ಟದ್ದು. ಒಂದು ಅಂಕ.'" ಸುಳಿವಕ್ಕ ಕಣ್ಣು ತೆರೆಯುತ್ತಾರೆ. "ನೂರಕ್ಕೆ ನೂರು ಆಯ್ತು ನಿಮಗೆ."

ಇಬ್ಬರೂ ಫೋನ್ ಇಡುವುದಿಲ್ಲ. ಹೊರಗೆ ಬೆಳಕು ಪೂರ್ತಿ ಹರಿದಿದೆ.

"ಯಾರು ಬರೆದಿದ್ದು ಈ ಕೋಣೆ?" ಎನ್ನುತ್ತಾರೆ ಒಂದಂಕದವರು.

"ನಾನು."

"ಚೆನ್ನಾಗಿದೆ," ಎಂದು, "ಬರ್ತೀನಿ ಹಾಗಾದ್ರೆ," ಎನ್ನುತ್ತಾರೆ. ಲೈನ್ ಮತ್ತೆ ಗುಂಯ್ ಎನ್ನುತ್ತದೆ.

ಸುಳಿವಕ್ಕ ರಿಸೀವರ್ ಇಟ್ಟು ಎದ್ದು ನಿಲ್ಲುತ್ತಾರೆ. ಇಸ್ತ್ರಿ ಅಂಗಡಿಗೆ ಹೊತ್ತಾಗುತ್ತಿದೆ. ನಂಬರ್ ಕೊಡಲಿಲ್ಲವಲ್ಲ ನೀವು ಎನ್ನುತ್ತೇನೆ. ಅವರೂ ಕೇಳಲಿಲ್ಲವಲ್ಲ ಎನ್ನುತ್ತಾರೆ. ಕಣ್ಣು ಒರೆಸಿಕೊಂಡು, ಬೀಗದ ಕೈ ಹುಡುಕಿ, ಬಾಗಿಲ ಹತ್ತಿರ ಚಪ್ಪಲಿ ಮೆಟ್ಟುತ್ತಾ, ನನಗೆ ಹೇಳಿದರೋ ತಮಗೆ ತಾವೇ ಹೇಳಿಕೊಂಡರೋ ತಿಳಿಯದಷ್ಟು ಮೆಲ್ಲಗೆ ಹೇಳುತ್ತಾರೆ:

"ಅವತ್ತಿಂದ ಖಾಲಿ ಬಿದ್ದಿತ್ತು ಕಣ್ರೀ ಆ ಕೋಣೆ. ಒಬ್ರು ಬಂದು ಕೂತು ಹೋದ್ರಲ್ಲ."