ರಾಗಿಕಲ್ಲಿಗೆ ಹೊಂದದ ಹಾಡು

ಮೊನ್ನೆ ಭಾನುವಾರ ನಮ್ಮ ಬೀದಿ ಕೊನೆಯ ಚರ್ಚಿನಿಂದ ಒಂದು ಹಾಡು ಕೇಳಿಬಂತು. ಸೊಪ್ಪು ಬಿಡಿಸುತ್ತಿದ್ದ ನನ್ನ ಕೈ ನಿಂತಿತು. "ಯಾಕಜ್ಜಿ, ನಿದ್ದೆ ಬಂತಾ?" ಎಂದಿರಲ್ಲ ಮಕ್ಕಳೇ, ಆಗ ಹೇಳಲು ನಾಚಿಕೆಯಾಯಿತು. ಅದಕ್ಕೇ ಬರೆಯುತ್ತಿದ್ದೇನೆ. ಹಳ್ಳಿಶಾಲೆಯ ಅಕ್ಷರ, ನಗಬೇಡಿ.

ಸ್ವಾತಂತ್ರ್ಯ ಬರುವುದಕ್ಕೆ ಮೂರು ನಾಲ್ಕು ವರ್ಷ ಮೊದಲಿನ ಮಾತು. ಮದ್ದೂರಿನ ಹತ್ತಿರದ ನಮ್ಮ ಹಳ್ಳಿಗೆ ನಾಲೆ ನೀರು ಬಂದಿತ್ತು, ಹಿಂದೆಯೇ ಚಳಿಜ್ವರವೂ ಬಂತು. ನಿಮ್ಮ ತಾತ ಅದರಲ್ಲೇ ಹೋದರು. ನಿಮ್ಮಪ್ಪ ಇನ್ನೂ ಮೊಲೆ ಬಿಟ್ಟಿರಲಿಲ್ಲ. ತಾತ ಮಲಗಿದ್ದಾಗ ಮಿಶನ್ ಆಸ್ಪತ್ರೆಯ ನರ್ಸಮ್ಮ ಕಹಿಮಾತ್ರೆ ತರುತ್ತಿದ್ದರು. ಹಣೆಗೆ ಒದ್ದೆಬಟ್ಟೆ ಹಾಕುತ್ತ ಮೆಲ್ಲಗೆ ಹಾಡುತ್ತಿದ್ದರು: 'ದಣಿವಿಲ್ಲದ ಊರಿಗೆ ಕರೆದುಕೋ ತಂದೆ, ಹೊಳೆಯಾಚೆ ನನ್ನ ಮನೆ ಕಾಣುತಿದೆ.' ಯಾವ ದೇಶದ ರಾಗವೋ, ಪ್ರತಿ ಸಾಲಿನ ಕೊನೆಗೂ ಎಳೆದು ನಿಲ್ಲುತ್ತಿತ್ತು.

ತಾತ ಹೋದ ಮೇಲೆ ಆ ಹಾಡು ನನಗಂಟಿಕೊಂಡಿತು, ರಾಗಿ ಬೀಸುವಾಗಲೂ ಅದೇ. ಬೇರೆ ಹೆಂಗಸರ ಬೀಸುವ ಪದ ಕಲ್ಲಿನ ಜೊತೆಗೇ ಸುತ್ತುತ್ತದೆ. ನನ್ನ ಹಾಡು ನಿಂತಲ್ಲಿ ಕಲ್ಲೂ ನಿಲ್ಲುತ್ತಿತ್ತು, ಹಿಟ್ಟು ತರಿತರಿಯಾಗುತ್ತಿತ್ತು. ನನಗೆ ತಿಳಿಯುತ್ತಲೇ ಇರಲಿಲ್ಲ. ಉಣ್ಣುವುದು ಬಿಟ್ಟಿದ್ದೆ, ಎದೆಹಾಲು ಬತ್ತುತ್ತಿತ್ತು. ದಣಿವಿಲ್ಲದ ಆ ಊರಿಗೆ ಹೋದರೆ ಸಾಕಾಗಿತ್ತು.

ಒಂದು ದಿನ ಅತ್ತೆ ಮುದ್ದೆ ಮುರಿದು, "ಇದೇನಮ್ಮಿ, ಮುದ್ದೆನೋ ಮರಳೋ? ಇರೋ ನಾಕ್ ಅಲ್ಲೂ ಓಯ್ತವೆ," ಎಂದರು.

ಮಾರನೆಯ ಬೆಳಗಿನ ಜಾವ ನಾನು ಬೀಸುತ್ತಿದ್ದಾಗ ಎದುರಿಗೆ ಬಂದು ಕೂತು, ನನ್ನ ಕೈಯ ಮೇಲೆಯೇ ಕಲ್ಲಿನ ಗೂಟ ಹಿಡಿದರು. "ಆಡು, ಕೇಳಾನ."

ಹಾಡಿದೆ. ಕಲ್ಲು ನಿಂತಿತು. ಅತ್ತೆ ಗೂಟದ ಮೇಲಿನ ಕೈ ತೆಗೆಯಲಿಲ್ಲ.

"ಆ ಊರು ಎಲ್ಗೂ ಓಗಕಿಲ್ಲ ಕಣಮ್ಮಿ. ನನ್ ಮಗ ಅಲ್ಲೇ ಅವ್ನೆ. ಮೊದ್ಲು ನಾನು ಓಗ್ಬೇಕು. ನನ್ ಸರದಿ ಕಿತ್ಕಬ್ಯಾಡ. ಇನ್ನೊಂದ್ಸಲ ಆಡು."

ಈ ಸಲ ನಾನು ನಿಂತಲ್ಲಿ ಅವರು ಗೂಟ ತಳ್ಳಿ, ಒಡಕು ದನಿಯಲ್ಲಿ ತಮ್ಮದೇ ಸಾಲು ಸೇರಿಸಿದರು: "ಮಗೀಗೆ ಉಣ್ಣಾಕಿಕ್ಬುಟ್ಟು ಬತ್ತೀನಿ."

ನನಗೆ ನಗು ಬಂತು, ಅದರ ಹಿಂದೆ ಅಳುವೂ ಬಂತು. ಕಲ್ಲು ಮಾತ್ರ ನಿಲ್ಲಲಿಲ್ಲ. ಆ ಹೊತ್ತು ಒಂದು ಮುದ್ದೆ ಪೂರ್ತಿ ಉಂಡೆ. ಆಮೇಲೆ ದಿನಕ್ಕೊಂದು ನೆಪ: ಎಮ್ಮೆ ಕರೆದು ಬತ್ತೀನಿ, ಕಳೆ ಕಿತ್ತು ಬತ್ತೀನಿ. ಹಾಗೇ ನಿಮ್ಮಪ್ಪ ಬೆಳೆದ.

ಅತ್ತೆ ತಮ್ಮ ಸರದಿಯಲ್ಲೇ ಹೋದರು. ಈಗ ಸರದಿ ನನ್ನದು. ಮೈ ದಣಿದಿದೆ, ಆ ಊರು ಬೇಕೆನಿಸುತ್ತದೆ, ಸುಳ್ಳು ಹೇಳಲಾರೆ. ಆದರೆ ಮೊನ್ನೆ ಚರ್ಚಿನಿಂದ ಬಂದ ಅದೇ ಹಾಡು ಸಾಲಿನ ಕೊನೆಗೆ ನಿಂತಾಗ, ನಿಮಗೆ ಕೇಳಿಸಲಿಲ್ಲ, ನನ್ನ ಬಾಯಿ ತಾನಾಗಿಯೇ ಅಂದಿತು: "ಸೊಪ್ಪು ಬುಡಿಸ್ಬುಟ್ಟು ಬತ್ತೀನಿ."