ಎಮರ್ಜನ್ಸಿ ಖೋಲಿ ಬಾಗಲಾ ಕಾಯ್ದ ಜನ್ನತಬಿ

ರಾಯಬಾಗದ ಕಡೆ ಒಂದು ದವಾಖಾನಿ. ಯಾವುದು ಅಂತ ಕೇಳಬ್ಯಾಡ್ರಿ, ಹೇಳಂಗಿಲ್ಲ. ಅದರ ಗೇಟಿನ ಎದುರಿಗೆ ನಂದು ಚಾದಂಗಡಿ, ನಾ ಮಾಯಪ್ಪ. ಜನ್ನತಬಿ ಅಲ್ಲಿ ಎಮರ್ಜನ್ಸಿ ಖೋಲಿ ಆಯಾ. ನೆಲಾ ಒರಸೂದು, ರಕ್ತ ತೊಳಿಯೂದು, ಸ್ಟ್ರೆಚರ್ ದಬ್ಬೂದು ಅಕಿ ನೌಕರಿ. ಖರೇ ಕೆಲಸ ಅಂದ್ರ ಮಂದೀನ ಹೊರಗ ಹಾಕೂದು.

ನಮ್ಮ ಮಂದಿ ಹೆಂಗ ಅಂದ್ರ, ಒಬ್ಬಂವಗ ಹಾವು ಕಡದ್ರ ಇಡೀ ಓಣಿ ಟ್ರ್ಯಾಲಿ ಹತ್ತತಿತ್ತು. ಕಾಕಾ, ಮಾಮಾ, ಬೀಗರು, ಬೀಗರ ಮನಿ ಬಾಜೂದವರು. ಬರಲಿಲ್ಲಂದ್ರ ನಾಳೆ ಮಾತು ಬರತೈತಲ್ಲ! ಎಂಬತ್ತೆಂಟರ ಸುಮಾರಿಗೆ ಅಲ್ಲಿ ಇದ್ದಾವ್ರು ಒಬ್ರೇ ಡಾಕ್ಟರು, ರಾಜಾರಾಮ ಅಂತ. ಟೇಬಲ್ ಒಂದೇ, ಆಕ್ಸಿಜನ್ನೂ ಒಂದೇ. ಪೇಶಂಟ್ ನೋಡಬೇಕಂದ್ರ ಡಾಕ್ಟರು ಪಟಕಾ ಸುತ್ತಿದ ತಲಿಗೋಳ ನಡುವ ತೂರಬೇಕಾಗತಿತ್ತು. ಗಾಳಿ ಇಲ್ಲ, ಬೆಳಕಿಲ್ಲ, ಮ್ಯಾಲೆ ಎಲ್ಲಾರೂ ಒಂದೊಂದು ಔಷಧ ಹೇಳಾವ್ರು. ಗದ್ದಲಾದ್ರ ನನ್ನ ಚಾ ಹೆಚ್ಚು ಮಾರತಿತ್ತು, ಸುಳ್ಳ್ಯಾಕ ಹೇಳ್ಲಿ?

ಜನ್ನತಬಿ ಮೊದಲ ಬೈದು ನೋಡಿದ್ಲು, ಕಸಬರಗಿ ತಗೊಂಡು ನೋಡಿದ್ಲು. ಯಾರೂ ಕೇಳಲಿಲ್ಲ. ಆಮ್ಯಾಲ ಒಂದು ಯುಕ್ತಿ ಹೂಡಿದ್ಲು. ಗುಂಪಿನ್ಯಾಗ ಯಾರ ಮಾತು ನಡೀತೈತೋ ಅವನ್ನೇ ಹಿಡದು ಬಾಗಲದಾಗಿನ ಕಟಗಿ ಬಾಕಿನ ಮ್ಯಾಲೆ ಕುಂಡರಸೂದು.

“ಸಾಹೇಬ್ರ, ಈ ಬಾಗಲಾ ನಿಮ್ಮ ಕೈಯಾಗ. ಪೇಶಂಟಿನ ಹತ್ರ ಒಬ್ರೇ. ಮತ್ತೊಬ್ರು ಒಳಗ ಬಂದ್ರ ನಿಮ್ಮ ಮಾತಿಗೆ ಊರಾಗ ಬೆಲಿ ಇಲ್ಲಂತ ತಿಳಕೋತೀನ್ರಿ” ಅನ್ನಾಕಿ.

ಮುಗೀತು! ಹಿರೇ ಮನಷ್ಯಾ ಮೀಸಿ ತಿರುವಿ ಕುಂತ ಅಂದ್ರ ಅವನ ಹೆಂಡತಿಗೂ ಒಳಗ ಹೋಗಾಕ ಧೈರ್ಯ ಇಲ್ಲ. ಖೋಲಿ ಖಾಲಿ ಆತು, ಡಾಕ್ಟರ ಕೈ ಆಡಾಕ ಜಾಗಾ ಸಿಕ್ತು. ಸಾಯಾವ್ರು ಎಷ್ಟೋ ಮಂದಿ ಉಳದ್ರು, ಅದನ್ನೂ ಹೇಳಬೇಕು.

ಆ ವರ್ಷ ಕಬ್ಬಿನ ಹಂಗಾಮಿನ್ಯಾಗ ಭಾವುಸಾಹೇಬನ ಮಗನ ಮ್ಯಾಲೆ ಟ್ರ್ಯಾಕ್ಟರ್ ಬಿತ್ತು. ಭಾವುಸಾಹೇಬ ದಿಗ್ಗೇವಾಡಿ ಕಡೆ ದೊಡ್ಡ ಕುಳ, ಅರ್ಧ ಊರು ಬೆನ್ನ ಹತ್ತಿ ಬಂತು. ಹುಡುಗನ ತೊಡಿ ಹರದು ರಕ್ತ ನಿಲ್ಲವಲ್ದು. ಜನ್ನತಬಿ ಅಪ್ಪನ್ನೇ ಬಾಕಿನ ಮ್ಯಾಲೆ ಕುಂಡರಸಿದ್ಲು. “ಅಣ್ಣಾರ, ಮಗಾ ಉಳೀಬೇಕಂದ್ರ ಒಂದು ನೊಣಾನೂ ಬಿಡಬ್ಯಾಡ್ರಿ” ಅಂದು ಒಳಗ ಓಡಿ, ಡಾಕ್ಟರ ಕೂಡ ತೊಡಿ ಒತ್ತಿ ಹಿಡದು ನಿಂತ್ಲು. ಭಾವುಸಾಹೇಬ ಕಣ್ಣೀರು ಒರಸಿಕೋತ, ಬಾಗಲಕ್ಕ ಕಾಲು ಅಡ್ಡ ಹಾಕಿ ಕುಂತ.

ಅಷ್ಟರಾಗ ಲಕ್ಕವ್ವ ಬಂದ್ಲು. ಕಬ್ಬು ಕಡಿಯಾಕಿ, ಹೊಲದಿಂದ ನಡಕೋತ ಬಂದಿದ್ಲು. ಹೆಗಲ ಮ್ಯಾಲೆ ಸೆರಗಿನ್ಯಾಗ ಸುತ್ತಿದ ಕೂಸು. ಕೆಮ್ಮು ಬಲತು ಉಸರು ಹಿಡದಿತ್ತು. “ಒಳಗ ಬಿಡ್ರಿ, ಯಪ್ಪಾ” ಅಂದ್ಲು. ಭಾವುಸಾಹೇಬ ಮಾರಿ ಎತ್ತಿ ನೋಡಲಿಲ್ಲ. ತನ್ನ ಬೆನ್ನ ಹತ್ತಿ ಬಂದ ಹೆಣ್ಮಕ್ಕಳಾಗ ಇಕಿನೂ ಒಬ್ಬಾಕಿ ಅಂತ ತಿಳದು, “ಸುಮ್ಕ ಕುಂಡರು ಅಲ್ಲೇ, ಯಾರನೂ ಬಿಡಂಗಿಲ್ಲ” ಅಂದ. ಅಕಿ ಕುಂತ್ಲು. ದೊಡ್ಡವರು ಕುಂಡರು ಅಂದ್ರ ಕುಂಡರೂದು, ಅದನ್ನೇ ಕಲಿಸೇವಲ್ಲ ನಾವು ಅಂಥಾವ್ರಿಗೆ!

ಒಳಗ ಹುಡುಗನ ರಕ್ತ ನಿಂತಿತು. “ಇಷ್ಟು ಮಂದಿ ಬಂದಾರಂತ ಗೊತ್ತೇ ಆಗಲಿಲ್ಲ ನೋಡು, ಜನ್ನತಬಿ” ಅಂದ್ರು ಡಾಕ್ಟರು. ಅಕಿ ನಕ್ಕೋತ ಹೊರಗ ಬಂದು, “ಮಗಾ ಉಳದಾನ್ರಿ!” ಅಂದ್ಲು. ಗುಂಪೆಲ್ಲಾ ಎದ್ದು ನಿಂತಿತು. ಲಕ್ಕವ್ವ ಮಾತ್ರ ಏಳಲಿಲ್ಲ.

“ನೀ ಯಾರ ಕಡ್ಯಾಕಿ ಬೇ?” ಅಂದ್ಲು ಜನ್ನತಬಿ.

“ನನ್ನ ಕೂಸಿಗೆ ಆರಾಮಿಲ್ರಿ. ಈಗ ಮಲಗೈತಿ.”

ಜನ್ನತಬಿ ಸೆರಗು ಸರಿಸಿದ್ಲು. “ಯಾ ಅಲ್ಲಾ!” ಅಂದಾಕಿನೇ ಕೂಸನ್ನ ಕಸಗೊಂಡು ಒಳಗ ಓಡಿದ್ಲು. ಡಾಕ್ಟರು ಎದಿ ಒತ್ತಿದ್ರು, ಆಕ್ಸಿಜನ್ ಹಚ್ಚಿದ್ರು. ಕೂಸು ಉಳೀಲಿಲ್ಲ.

ಚಾ ಕೊಡಾಕ ಬಂದಾಂವ ನಾ ಅಲ್ಲೇ ಇದ್ದೆ. ಲಕ್ಕವ್ವ ಅಳಲಿಲ್ಲ. ಕೂಸನ್ನ ಮತ್ತ ಸೆರಗಿನ್ಯಾಗ ಸುತ್ತಿಕೊಂಡು ಬಾಗಲಿಗೆ ಬಂದು, ಭಾವುಸಾಹೇಬನ ಮುಂದ ನಿಂತು, “ಈಗ ಹೋಗಲ್ರಿ, ಯಪ್ಪಾ?” ಅಂತ ಕೇಳಿದ್ಲು. ಅಂವಾ ಪಟಕಾ ತಗದು ಮಾರಿಗೆ ಒತ್ತಿಕೊಂಡ. ಯಾರ ಮ್ಯಾಲೆ ಸಿಟ್ಟಾಗಬೇಕಂತ ನನಗ ಇವತ್ತಿಗೂ ತಿಳಿದಿಲ್ಲ.

ಬಾಕಿನ ಮ್ಯಾಲೆ ಹಿರ್ಯಾರು ಕುಂಡರೂದು ಮುಂದೂ ನಡೀತು, ಗದ್ದಲ ತಡೀಬೇಕಲ್ಲ. ಆದ್ರ ಜನ್ನತಬಿ ಈಗ ಹೊರಗ ನಿಲ್ಲತಿದ್ಲು. ಟ್ರ್ಯಾಲಿ ಬಂದ ಕೂಡ್ಲೆ ಗುಂಪಿನ್ಯಾಗ ಹೊಕ್ಕು, ಚೀರಾವ್ರನ್ನ ಬಿಟ್ಟು, ಸುಮ್ಮನ ಕುಂತಾವ್ರನ್ನ ಮೊದಲ ಕೇಳಾಕಿ. ಡಾಕ್ಟರೂ ಅಂಗಳಕ್ಕ ಬಂದು, ಯಾರು ಮೊದಲ ಒಳಗ ಹೋಗಬೇಕಂತ ನಿಂತು ಹೇಳಾಕ ಸುರು ಮಾಡಿದ್ರು. ಹೊರಗ ಕುಂತು ಸತ್ತಾವ್ರು ಆಮ್ಯಾಲ ನನ್ನ ಕಣ್ಣಿಗೆ ಬಿದ್ದಿಲ್ಲ.

ಜನ್ನತಬಿ ಮಾತ್ರ ಸರಿ ಆಗಲಿಲ್ಲ. ತೊಂಬತ್ತಾರರಾಗ ನೌಕರಿ ಮುಗೀತು. ಆಮ್ಯಾಲೂ ಬಸ್‌ಸ್ಟ್ಯಾಂಡಿನ್ಯಾಗ ಯಾರರೇ ತಾಯಿ ಉಡ್ಯಾಗ ಕೂಸು ಮಲಗಿಸಿಕೊಂಡು ಕುಂತಿದ್ರ, ಹೋಗಿ ಅರಿವಿ ಸರಿಸಿ ಮೂಗಿನ ಕೆಳಗ ಬಟ್ಟು ಹಿಡಿಯಾಕಿ. “ಏ ಮುದುಕಿ, ಹುಚ್ಚು ಹಿಡದೈತೇನು? ಈಗರೆ ಮಲಗೈತಿ ಕೂಸು!” ಅಂತ ಬೈಯಾವ್ರು. ಬೈದ್ರೂ ಬಿಡಾಕಿ ಅಲ್ಲ. ಗಲ್ಲಾ ಚಿವುಟಿ, ಕೂಸು ಕಿಟಾರನ ಚೀರಿದ ಮ್ಯಾಲೆನೇ ಅಕಿ ಅಲ್ಲಿಂದ ಎದ್ದು ಹೋಗತಿದ್ಲು.