ಬಲಗಡೆಯ ಡಿಸ್ಕ್ ಮಾತ್ರ

ಬ್ರೇಕ್ ಒತ್ತಿದರೆ ಪೆಡಲ್ಲು ಕಾಲನ್ನೇ ತಿರುಗಿ ಒದೆಯುತ್ತಿತ್ತು. ಸ್ಟೇರಿಂಗ್ ಗಡಗಡ ನಡುಗುತ್ತಿತ್ತು. ಹಿಂದೆ ಶಾಮಿಯಾನದ ಕಂಬ, ಕುರ್ಚಿ, ಅಡುಗೆ ಪಾತ್ರೆ ತುಂಬಿದ ಪಿಕಪ್ಪು. ಮುಂದೆ ಹೇಳದೆ ಕೇಳದೆ ನಿಲ್ಲುವ ಬಸ್ಸು. ಅಪ್ಪ ತೀರಿಕೊಂಡ ಮೇಲೆ ಶಾಮಿಯಾನದ ವ್ಯವಹಾರವನ್ನೂ ಈ ಗಾಡಿಯನ್ನೂ ನಾನೇ ನಡೆಸುತ್ತಿದ್ದೇನೆ. ಹೆಂಗಸು ಪಿಕಪ್ ಓಡಿಸುವುದನ್ನು ಕತ್ತು ತಿರುಗಿಸಿ ನೋಡುವವರು ಶಿವಮೊಗ್ಗದಲ್ಲಿ ಈಗಲೂ ಇದ್ದಾರೆ. ನೋಡಿಕೊಳ್ಳಲಿ, ನನಗೇನು. ಆದರೆ ಬ್ರೇಕಿನ ವಿಷಯ ಹಾಗಲ್ಲ, ಅದು ನನ್ನ ಜೀವದ ಪ್ರಶ್ನೆ.

ನಮ್ಮ ಮೆಕ್ಯಾನಿಕ್ ಭದ್ರಾವತಿಯ ಕಾಗದನಗರದವರು. ಅಪ್ಪನ ಕಾಲದಿಂದಲೂ ಈ ಗಾಡಿ ಅವರ ಕೈಯಲ್ಲೇ ಇದೆ. ಮುಂದಿನ ಚಕ್ರಗಳನ್ನು ಬಿಚ್ಚಿ, ಬ್ರೇಕ್ ಹಿಡಿಯುವ ಆ ಕಬ್ಬಿಣದ ಡಿಸ್ಕಿಗೆ ಡಯಲ್ ಗೇಜ್ ಹಚ್ಚಿ, ಕೈಯಿಂದ ಮೆಲ್ಲಗೆ ತಿರುಗಿಸಿದರು. ಗೇಜಿನ ಮುಳ್ಳು ಅತ್ತಿತ್ತ ಓಲಾಡಿತು. “ಬಲಗಡೆ ಡಿಸ್ಕ್ ಬೆಂಡಾಗಿದೆ ಮಾರಾಯ್ತಿ. ಎಡಗಡೆದು ಸರಿಯಾಗೇ ಇದೆ” ಅಂದರು. ಹೊಸದು ಹಾಕಿದರು. ಗಾಡಿ ಹೇಳಿದ ಮಾತು ಕೇಳತೊಡಗಿತು. ಮದುವೆ ಸೀಸನ್ ಮುಗಿಯುವಷ್ಟರಲ್ಲಿ ಮತ್ತೆ ಅದೇ ನಡುಕ. ಮತ್ತೆ ಬಲಗಡೆಯದೇ.

ನನಗೆ ಮೂಗಿನ ತುದಿಯಲ್ಲೇ ಕೋಪ. “ಡೂಪ್ಲಿಕೇಟ್ ಡಿಸ್ಕ್ ಹಾಕಿದೀರಿ ನೀವು” ಎಂದು ಗ್ಯಾರೇಜಿನಲ್ಲೇ ಕೂಗಾಡಿದೆ. ಅವರೇನು ಕಮ್ಮಿಯೇ? “ನೀನು ಬ್ರೇಕ್ ಮೇಲೆ ಕಾಲಿಟ್ಕೊಂಡೇ ಓಡಿಸ್ತೀಯ. ನಿಮ್ಮಪ್ಪ ಹೀಗೆ ಓಡಿಸ್ತಿರಲಿಲ್ಲ” ಎಂದು ತಿರುಗಿ ಕೂಗಿದರು. ಹಾಗೆ ಓಡಿಸಿದರೆ ಎರಡೂ ಕಡೆ ಹೋಗಬೇಕಲ್ಲ, ಬಲಗಡೆ ಮಾತ್ರ ಯಾಕೆ ಅಂದೆ. ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಜಾಮ್ ಆಗಿರಬಹುದು ಎಂದು ಬಿಚ್ಚಿದರು, ಸಲೀಸಾಗಿ ಆಡುತ್ತಿತ್ತು. ಬೇರಿಂಗ್ ಅಲ್ಲಾಡಿಸಿದರು, ಗಟ್ಟಿಯಾಗಿತ್ತು. ಪ್ಯಾಡುಗಳೂ ಸಮವಾಗಿ ಸವೆದಿದ್ದವು. ಚಕ್ರದ ಒಳಮೈಗೆ ಮೆತ್ತಿದ್ದ ಕೆಂಪು ಪುಡಿಯನ್ನು ಉಗುರಿನಿಂದ ಕೆರೆದು, ತುಕ್ಕು ಅಂದರು. ಕೊನೆಗೆ, “ನಾನೇ ನಿನ್ನ ಜೊತೆ ಬರ್ತೀನಿ. ಹೇಗೆ ಓಡಿಸ್ತೀಯ ನೋಡೇಬಿಡ್ತೀನಿ” ಎಂದು ಹತ್ತಿ ಕೂತರು.

ದಾರಿಯುದ್ದಕ್ಕೂ ಅವರ ಕಣ್ಣು ನನ್ನ ಕಾಲಿನ ಮೇಲೆ. ಹಂಪು, ಸಿಗ್ನಲ್ಲು, ದನ, ಬಸ್ಸು, ಎಲ್ಲದಕ್ಕೂ ಬ್ರೇಕ್ ಒತ್ತಿ ಒತ್ತಿ ಶಿವಮೊಗ್ಗದ ವಿದ್ಯಾನಗರದ ನಮ್ಮ ಮನೆ ಮುಟ್ಟಿಸಿದೆ. “ಓಡಿಸೋದೇನೋ ಚೆನ್ನಾಗೇ ಓಡಿಸ್ತೀಯ” ಎಂದು ಒಲ್ಲದ ಮನಸ್ಸಿನಿಂದ ಒಪ್ಪಿಕೊಂಡು ಗೇಟಿನ ಹತ್ತಿರ ಇಳಿದರು. ನಮ್ಮದು ಕಿರಿದಾದ ಜಾಗ. ಎಡಮಗ್ಗುಲನ್ನು ಕಾಂಪೌಂಡಿಗೆ ಒತ್ತಿಯೇ ಗಾಡಿ ನಿಲ್ಲಿಸಬೇಕು. ನಿಲ್ಲಿಸಿದೆ.

ಅಷ್ಟರಲ್ಲಿ ಅಮ್ಮ ಹೊರಗೆ ಬಂದಳು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಅರಿಶಿನ ಸುಣ್ಣ ಕಲಸಿದ ಕೆಂಪು ನೀರಿನ ಚೊಂಬು. ನಾನು ಸ್ಟೇರಿಂಗ್ ಹಿಡಿದ ದಿನದಿಂದ ಇದೇ ಕತೆ. ಗಾಡಿ ಬಂದು ನಿಂತರೆ ಸಾಕು, ನಾನು ಇಳಿಯುವ ಮೊದಲೇ ದೃಷ್ಟಿ ನಿವಾಳಿಸಿ ಆ ನೀರನ್ನು ಚಕ್ರಕ್ಕೆ ಸುರಿಯಬೇಕು. “ನಾನೇನು ದಿನಾ ಹೊಸ ಮದುಮಗಳಾ?” ಎಂದು ರೇಗಿಸಿದರೂ ಬಿಟ್ಟವಳಲ್ಲ. ಅವತ್ತೂ ನಿವಾಳಿಸಿ, ಕೈಗೆಟುಕುವ ಬಲಗಡೆಯ ಮುಂದಿನ ಚಕ್ರಕ್ಕೆ ಇಡೀ ಚೊಂಬು ಸುರಿದಳು.

ಚುಂಯ್ ಎಂದಿತು. ಚಕ್ರದ ತೂತುಗಳಿಂದ ಹಬೆ ಎದ್ದಿತು.

“ಅಯ್ಯೋ ಅಮ್ಮಾ!” ಎಂದು ಮೆಕ್ಯಾನಿಕ್ ಕಿರುಚಿದ ರಭಸಕ್ಕೆ ಚೊಂಬು ಅಮ್ಮನ ಕೈಯಿಂದ ಜಾರಿತು. ನಾನು ಗಾಡಿಯಿಂದ ಕೆಳಗೆ ಧುಮುಕಿದೆ. ದಿನವೂ ನನ್ನ ಕಣ್ಣೆದುರಿಗೇ ನಡೆಯುತ್ತಿದ್ದುದು ಇದು. ಒಂದು ದಿನವಾದರೂ ನನ್ನ ತಲೆಗೆ ಹೊಳೆಯಲಿಲ್ಲವಲ್ಲ! ಮೆಕ್ಯಾನಿಕ್ ಜಾಕ್ ಹಾಕಿ ಚಕ್ರ ಬಿಚ್ಚಿದರು. ಮೊಬೈಲ್ ಬೆಳಕಿನಲ್ಲಿ ಡಿಸ್ಕಿನ ಮೇಲೆ ಕೂದಲೆಳೆಯಂಥ ಬಿರುಕು ಕಂಡಿತು. “ಮಧ್ಯಾಹ್ನ ಬಿಚ್ಚಿದಾಗ ಇದು ಇರಲಿಲ್ಲ” ಎಂದು ಮತ್ತೊಮ್ಮೆ ಬಗ್ಗಿ ನೋಡಿದರು. ಆಮೇಲೆ ದನಿ ತಗ್ಗಿಸಿ, “ಲೋಡ್ ಹಾಕ್ಕೊಂಡು ಇಳಿಜಾರಲ್ಲಿ ಒತ್ತಿದ್ರೆ ಡಿಸ್ಕ್ ಒಡೆದೇ ಹೋಗ್ತಿತ್ತು” ಅಂದರು.

ದನಿ ತಗ್ಗಿಸಿದರೂ ಅಮ್ಮನಿಗೆ ಕೇಳಿಸಿತ್ತು. “ನಾನೇನು ಮಾಡಿದೆ?” ಎಂದು ನನ್ನ ಮುಖ ನೋಡಿದಳು. ನಾನು ಯಾವತ್ತೂ ಅಷ್ಟು ಮೆತ್ತಗೆ ಮಾತಾಡಿದವಳಲ್ಲ. “ಬ್ರೇಕ್ ಹಾಕಿ ಹಾಕಿ ಅದು ಕಾದಿರುತ್ತೆ ಅಮ್ಮ. ಕಾದ ಬೀಡಿನ ಕಾವಲಿಗೆ ತಣ್ಣೀರು ಸುರಿದ್ರೆ ಬಿರುಕು ಬಿಡಲ್ವಾ, ಹಾಗೆ.” ಕಾವಲಿ ಎಂದ ಕೂಡಲೇ ಅವಳಿಗೆ ಎಲ್ಲ ಅರ್ಥವಾಗಿಹೋಯಿತು. ಬಿದ್ದ ಚೊಂಬನ್ನು ಎತ್ತಿಕೊಂಡು ಮೆಟ್ಟಿಲ ಮೇಲೆ ಕೂತಳು.

ಮೆಕ್ಯಾನಿಕ್ ಪೇಟೆಗೆ ಹೋಗಿ ಹೊಸ ಡಿಸ್ಕ್ ತಂದು ಅಲ್ಲೇ ಹಾಕಿಕೊಟ್ಟರು. “ಏನೂ ಆಗಿಲ್ಲವಲ್ಲ ಅಮ್ಮಾ, ಬಿಡಿ” ಎಂದು ಸಮಾಧಾನ ಹೇಳಿ ಬಸ್ಸಿಗೆ ಹೋದರು. ಊಟಕ್ಕೆ ಕೂತಾಗ ಅಮ್ಮ ತಟ್ಟೆ ಮುಟ್ಟಲಿಲ್ಲ.

“ಇಷ್ಟು ದಿನ ನೀನು ಕ್ಷೇಮವಾಗಿ ಬರ್ತಿದ್ದದ್ದು ನಾನು ನಿವಾಳಿಸ್ತಿದ್ದೆನಲ್ಲ, ಅದ್ರಿಂದ ಅಂದ್ಕೊಂಡಿದ್ದೆ ಕಣೇ” ಅಂದಳು.

ಹೌದಮ್ಮ, ನಿನ್ನಿಂದಲೇ ಅನ್ನೋಣವೆಂದರೆ ಬಿರುಕು ಬಿಟ್ಟ ಡಿಸ್ಕನ್ನು ಇಬ್ಬರೂ ಕಣ್ಣಾರೆ ನೋಡಿದ್ದೆವು. ಅಲ್ಲ ಅನ್ನುವುದಾದರೂ ಹೇಗೆ? ಅವಳ ತಟ್ಟೆಯನ್ನು ಅವಳ ಹತ್ತಿರಕ್ಕೆ ಸರಿಸಿದೆ.

“ನಾಳೆ ಕುಂಸಿಗೆ ಲೋಡ್ ತಗೊಂಡು ಹೋಗ್ತೀಯ” ಎಂದಳು ಅಮ್ಮ. “ನಾನಿನ್ನು ನಿಂಗೋಸ್ಕರ ಏನು ಮಾಡ್ಲಿ?”